ಎಲೆಯಡಿಕೆ ಡಬ್ಬಿಯಲ್ಲಿದ್ದ ವಾಷರು

ಮೊನ್ನೆ ನಮ್ಮ ಸಿಂಚನ ನನ್ನ ಎಲೆಯಡಿಕೆ ಡಬ್ಬಿಯನ್ನು ತೆಗೆದು ನೆಲದ ಮೇಲೆ ಬೋರಲು ಹಾಕಿದಳು. ಹಾಕಲಿ ಬಿಡಿ, ಅವಳಲ್ಲದೆ ಇನ್ಯಾರು ಹಾಕಬೇಕು! ಆರು ವರ್ಷ ತುಂಬಿದೆ ನನ್ನ ಮೊಮ್ಮಗಳಿಗೆ, ಮುಂದಿನ ಎರಡು ಹಲ್ಲು ಬಿದ್ದಿವೆ, ನಕ್ಕರೆ ಮನೆಯೆಲ್ಲ ಬೆಳಕು. ಅಡಿಕೆ ಚೂರು, ಸುಣ್ಣದ ಡಬ್ಬಿ, ಲವಂಗ ಎಲ್ಲವನ್ನೂ ಒಂದು ಕಡೆಗೆ ತಳ್ಳಿ, ತಳದಲ್ಲಿದ್ದ ತೆಳ್ಳನೆಯ ಉಕ್ಕಿನ ಬಿಲ್ಲೆಯೊಂದನ್ನು ಎತ್ತಿಕೊಂಡು ಮೂಗಿಗೆ ಹಿಡಿದಳು.

"ತಾತ, ಇದ್ರಲ್ಲಿ ಅಪ್ಪನ ಲಾರಿ ವಾಸ್ನೆ ಬರ್ತೈತೆ!"

ಅಷ್ಟು ವರ್ಷ ಲವಂಗದ ಜೊತೆ ಬಿದ್ದಿದ್ದರೂ ಅದರ ಡೀಸೆಲ್ ವಾಸನೆ ಹೋಗಿಲ್ಲ. ಅವಳ ಕೈಯಿಂದ ಇಸಕೊಂಡು ನಾನೂ ಮೂಸಿದೆ. ಅಷ್ಟೇ. ಸತ್ಯಮಂಗಲದ ಆ ಪಂಪ್ ರೂಮಿನ ಬಾಗಿಲು ನನ್ನ ಬೆನ್ನ ಹಿಂದೆ ಮತ್ತೆ ಮುಚ್ಚಿಕೊಂಡ ಹಾಗಾಯಿತು. ಈ ಮಗು ಹುಟ್ಟಿದ ವರ್ಷದ ಮಳೆಗಾಲ ಅದು. ಹೊರಗೆ ಮಳೆ, ಒಳಗೆ ನಾನು.

ನಾನು ಹಾಗಲವಾಡಿಯವನು. ಓದಿದ್ದು ನಾಲ್ಕನೇ ಕ್ಲಾಸು. ಹೊಲದ ಕೆಲಸ ಕೈಗೆ ಹತ್ತಲಿಲ್ಲ, ತುಮಕೂರಿಗೆ ಬಂದು ಗ್ಯಾರೇಜು ಸೇರಿದೆ, ಆಮೇಲೆ ಸತ್ಯಮಂಗಲದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಡೀಸೆಲ್ ಪಂಪು ರಿಪೇರಿಯ ನನ್ನದೇ ಒಂದು ರೂಮು ಮಾಡಿಕೊಂಡೆ. ಪಂಪ್ ರೂಮು ಅಂದರೆ ಬೇರೆ ಗ್ಯಾರೇಜಿನ ಹಾಗೆ ಬಯಲಲ್ಲಿ ಇರುವುದಲ್ಲ. ಒಂದು ಚೂರು ಧೂಳು ಒಳಗೆ ಹೋದರೆ ಪಂಪು ಹಾಳು. ಅದಕ್ಕೆ ಕಿಟಕಿ ತೆಗೆಯುವ ಹಾಗಿಲ್ಲ, ಫ್ಯಾನು ಹಾಕುವ ಹಾಗಿಲ್ಲ. ಗೋಡೆಗೆ ಎಣ್ಣೆ ಬಣ್ಣ, ಮಧ್ಯದಲ್ಲಿ ಟೆಸ್ಟ್ ಬೆಂಚು, ಅದರ ಮೇಲೆ ಪಂಪು ಬಿಡುವ ಎಣ್ಣೆ ಅಳೆಯಲು ಸಾಲಾಗಿ ಆರು ಗಾಜಿನ ನಳಿಗೆ. ಬೆವರು ತೊಟ್ಟಿಕ್ಕದ ಹಾಗೆ ಹಣೆಗೆ ಟವೆಲ್ಲು ಕಟ್ಟಿಕೊಂಡು ನಾನು ಅದರೊಳಗೆ ಮೂವತ್ತು ವರ್ಷ ಕಳೆದಿದ್ದೇನೆ. ಉಸಿರು ಕಟ್ಟುತ್ತದೆ ಅಂತ ನನಗೆ ಒಂದು ದಿನವೂ ಅನ್ನಿಸಿರಲಿಲ್ಲ, ಆ ವರ್ಷ ಬರುವ ತನಕ.

ಪಂಪಿನ ವಿಷಯ ಸ್ವಲ್ಪ ಹೇಳಿಬಿಡುತ್ತೇನೆ. ಟ್ಯಾಂಕಿನಿಂದ ಬಂದ ಡೀಸೆಲನ್ನು ಅಳೆದು ಒತ್ತಿ ಇಂಜಿನ್ನಿಗೆ ಕಳಿಸುವುದು ಅದು. ಅದರ ಹೊಟ್ಟೆಯೊಳಗೆ ಡೀಸೆಲು ಒಂದು ಹದವಾದ ಪ್ರೆಶರಿನಲ್ಲಿ ನಿಂತಿರಬೇಕು. ಆ ಪ್ರೆಶರು ಹಿಡಿದಿಡುವುದಕ್ಕೆ ಪಕ್ಕದಲ್ಲಿ ಒಂದು ಪುಟ್ಟ ವಾಲ್ವು ಇದೆ, ವಾಲ್ವಿನೊಳಗೆ ಸ್ಪ್ರಿಂಗು, ಸ್ಪ್ರಿಂಗಿನ ಹಿಂದೆ ವಾಷರು. ವಾಷರು ಇದ್ದರೆ ಸ್ಪ್ರಿಂಗು ಬಿಗಿ. ತೆಗೆದರೆ ಸಡಿಲ, ಪ್ರೆಶರು ಇಳಿಯುತ್ತದೆ. ಖಾಲಿ ಗಾಡಿ ಓಡಿಸುವಾಗ ಏನೂ ಗೊತ್ತಾಗುವುದಿಲ್ಲ. ಲೋಡು ಹಾಕಿ ಜೋರಾಗಿ ತುಳಿದಾಗ ಮಾತ್ರ ಗಾಡಿ ಏದುಸಿರು ಬಿಡುತ್ತದೆ.

ಎಲ್ಲ ಸೆಟ್ ಮಾಡಿದ ಮೇಲೆ ತಂತಿ ಸುತ್ತಿ, ಸೀಸದ ಸೀಲು ಒತ್ತುತ್ತೇವೆ. ಒಬ್ಬೊಬ್ಬ ಮೇಸ್ತ್ರಿಯ ಇಕ್ಕಳಕ್ಕೂ ಒಂದೊಂದು ಗುರುತು. ನನ್ನದು ವಿಭೂತಿಯ ಹಾಗೆ ಮೂರು ಗೆರೆ. ಒಬ್ಬನ ಸೀಲನ್ನು ಇನ್ನೊಬ್ಬ ಮೇಸ್ತ್ರಿ ಕತ್ತರಿಸಬೇಕಾದರೆ ಮೊದಲು ಫೋನು ಮಾಡಿ ಕೇಳಬೇಕು. ಇದು ಎಲ್ಲೂ ಬರೆದಿಲ್ಲ, ಆದರೆ ಗುಬ್ಬಿಯಿಂದ ಕುಣಿಗಲ್ಲಿನವರೆಗೆ ಯಾರೂ ಮೀರಿಲ್ಲ. ಸೀಲು ಅಂದರೆ ಮೇಸ್ತ್ರಿಯ ನಾಲಿಗೆ ಇದ್ದ ಹಾಗೆ.

ಆ ನಾಲಿಗೆಯಲ್ಲಿ ನಾನು ಸುಳ್ಳು ಹೇಳಿದೆ. ಅದೂ ಅಳಿಯನಿಗೆ.

ನನ್ನ ಅಳಿಯ ಮಂಜುನಾಥ ಹುಲಿಯೂರುದುರ್ಗದವನು. ಸ್ವಂತ ಲಾರಿ, ಹಳೇ ಮಾಡೆಲ್ಲು, ತೆಂಗಿನಕಾಯಿ ಲೋಡು ಹೊಡೆಯುತ್ತಾನೆ. ಒಳ್ಳೆಯವನು, ಕುಡಿಯಲ್ಲ, ಸೇದಲ್ಲ. ಆಕ್ಸಿಲರೇಟರಿನ ಮೇಲೆ ಕಾಲು ಮಾತ್ರ ಭಾರ. ಆ ವರ್ಷ ನನ್ನ ಮಗಳು ಶೋಭಾ ಬಸುರಿಯಾಗಿ ಬಾಣಂತನಕ್ಕೆ ಮೊದಲೇ ನಮ್ಮ ಮನೆಗೆ ಬಂದಿದ್ದಳು. ಶ್ರಾವಣದ ಒಂದು ದಿನ ನಾನು ಗುಬ್ಬಿ ರೋಡಿನಲ್ಲಿ ಬಸ್ಸಿಗೆ ನಿಂತಿದ್ದೆ. ಜಿಟಿಜಿಟಿ ಮಳೆ. ಒಂದು ಲಾರಿ ಬಸ್ಸನ್ನು ಹಿಂದೆ ಹಾಕಿ, ಎದುರಿಗೆ ಬರುತ್ತಿದ್ದ ಟ್ರ್ಯಾಕ್ಟರಿಗೆ ಗೇಣು ಜಾಗ ಬಿಟ್ಟು, ಕೆಸರು ಹಾರಿಸಿಕೊಂಡು ಹೋಯಿತು. ಕೆಸರು ನನ್ನ ಪಂಚೆ ಮೇಲೆ ಬಿತ್ತು. ಹಿಂದಿನ ಹಲಗೆಯ ಮೇಲೆ ನನ್ನ ಮಗಳ ಹೆಸರು.

ಅವತ್ತು ನಾನು ಬಸ್ಸು ಹತ್ತಲಿಲ್ಲ.

ಮುಂದಿನ ವಾರ ಅವನೇ ಪಂಪು ಸರ್ವೀಸಿಗೆ ತಂದ. ಬಿಚ್ಚಿದೆ, ತೊಳೆದೆ, ಬೆಂಚಿಗೆ ಹಾಕಿ ಆರೂ ನಳಿಗೆ ಸಮ ಮಾಡಿದೆ. ಕೊನೆಗೆ ವಾಲ್ವು ಜೋಡಿಸುವಾಗ ಕೈ ನಿಂತಿತು. ಬೇಡಪ್ಪಾ ನಿಧಾನವಾಗಿ ಓಡಿಸು ಅಂದರೆ ಹೂಂ ಮಾವ ಅಂತಾನೆ, ಗೇಟು ದಾಟಿದ ಮೇಲೆ ಮರೆತುಬಿಡುತ್ತಾನೆ. ವಾಷರು ಮರೆಯುತ್ತದಾ? ತೆಗೆದು ಜೇಬಿಗೆ ಹಾಕಿಕೊಂಡೆ. ತಂತಿಯನ್ನು ವಾಲ್ವಿನ ತಲೆಗೂ ಸುತ್ತಿ ಮೂರು ಗೆರೆ ಒತ್ತಿದೆ. ವಾಷರು ಸಂಜೆ ಎಲೆಯಡಿಕೆ ಡಬ್ಬಿ ಸೇರಿತು. ಹೆರಿಗೆ ಆಗಲಿ, ಮಗುವಿನ ಮುಖ ನೋಡಲಿ, ಆಮೇಲೆ ಹಾಕಿದರಾಯಿತು ಅಂದುಕೊಂಡೆ. ಒಂದು ಹತ್ತು ದಿನ ಚೆನ್ನಾಗಿ ನಿದ್ದೆ ಮಾಡಿದೆ ಕೂಡ.

ಹನ್ನೊಂದನೇ ದಿನ ಅಳಿಯ ರೂಮಿನ ಬಾಗಿಲು ತಟ್ಟಿದ.

"ಮಾವ, ಗಾಡಿ ಎಳೀತಿಲ್ಲ."

"ಫಿಲ್ಟರ್ ನೋಡಿದ್ಯಾ?"

"ಹೊಸದು ಹಾಕ್ಸಿದೀನಿ."

"ಟ್ಯಾಂಕಲ್ಲಿ ನೀರು ಸೇರಿರ್ಬೇಕು. ಮಳೆಗಾಲ."

ಟ್ಯಾಂಕು ಇಳಿಸಿ ತೊಳೆಸಿಕೊಂಡು ಬಂದ. ಆಗಲಿಲ್ಲ. ಡೀಸೆಲ್ ಹಾಕಿಸುವ ಬಂಕು ಬದಲಾಯಿಸಿದ. ಆಗಲಿಲ್ಲ. ಮತ್ತೆ ಪಂಪು ಬಿಚ್ಚಿ ತಂದ. ನಾನು ಬಾಗಿಲು ಹಾಕಿಕೊಂಡು ಅವನ ಎದುರಿಗೇ ಬೆಂಚಿಗೆ ಏರಿಸಿದೆ. ಬೆಂಚು ತನ್ನದೇ ಪ್ರೆಶರಿನಲ್ಲಿ ಎಣ್ಣೆ ಒತ್ತುತ್ತದೆ, ಹಾಗಾಗಿ ನನ್ನ ಕಳ್ಳತನ ಅಲ್ಲಿ ಕಾಣುವುದಿಲ್ಲ. ಆರು ನಳಿಗೆಯಲ್ಲೂ ಎಣ್ಣೆ ಒಂದೇ ಮಟ್ಟಕ್ಕೆ ಬಂದು ನಿಂತಿತು.

"ನೋಡಪ್ಪಾ, ಆರೂ ಸಮ ಐತೆ."

ಅವನು ಬಗ್ಗಿ, ಆರನ್ನೂ ಒಂದೊಂದಾಗಿ, ಪರೀಕ್ಷೆ ರಿಸಲ್ಟು ನೋಡುವವರ ಹಾಗೆ ನೋಡಿದ. "ಸರಿ ಐತೆ ಮಾವ. ಹಂಗಾದ್ರೆ ನನ್ ಕಾಲೇ ಸರಿ ಇಲ್ಲ ಅನ್ಸುತ್ತೆ" ಅಂದ.

ಅವನು ನಗಲಿಲ್ಲ. ನಾನೂ ನಗಲಿಲ್ಲ. ಆ ರೂಮಿನಲ್ಲಿ ಮೊದಲನೇ ಸಲ ನನಗೆ ಗಾಳಿ ಸಾಲದೆ ಹೋಯಿತು.

ಅಷ್ಟು ಕಷ್ಟ ಯಾಕೆ, ಸುಮ್ಮನೆ ವಾಷರು ವಾಪಸ್ ಹಾಕಬಹುದಿತ್ತಲ್ಲ ಅಂತೀರಿ. ಹಾಕಲು ಹೋದೆ. ಅವತ್ತೇ, ಅವನು ಟೀಗೆ ಹೊರಗೆ ಹೋದಾಗ, ವಾಷರು ಬೆರಳ ತುದಿಗೆ ಬಂದಿತ್ತು. ಬಾಗಿಲ ಆಚೆ ಅವನು ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದ: "ಗಾಡಿ ಒಂದು ಸರಿಯಾಗ್ಲಿ ಬುಡಣ್ಣ, ಹೋಗಿರೋ ಟ್ರಿಪ್ಪೆಲ್ಲ ಒಂದೇ ವಾರದಲ್ಲಿ ಹಾರಿಸ್ಕೊಂಡು ಹೊಡೀತೀನಿ." ಹಾರಿಸಿಕೊಂಡು! ವಾಷರು ಮತ್ತೆ ಡಬ್ಬಿಗೆ ಹೋಯಿತು. ಹಾಕಿದರೆ ಭಯ, ಹಾಕದಿದ್ದರೆ ಪಾಪ. ಎರಡರ ನಡುವೆ ಸಿಕ್ಕಿಕೊಂಡು, ಆ ಮಳೆಗಾಲದಲ್ಲಿ ನಾನು ಬಾಯಿ ತುಂಬ ಎಲೆಯಡಿಕೆ ಹಾಕಿಕೊಂಡೇ ಇರುತ್ತಿದ್ದೆ. ಬಾಯಿ ತುಂಬಿದ್ದರೆ ಮಾತಾಡಬೇಕಾಗಿಲ್ಲವಲ್ಲ.

ಜೊತೆಯ ಡ್ರೈವರುಗಳು ಅವನನ್ನು ಬಿಡಲಿಲ್ಲ. ತೆಂಗಿನಕಾಯಿ ಮಂಡಿ ಹತ್ತಿರ ನಾನೇ ಕೇಳಿಸಿಕೊಂಡೆ. "ಏನ್ಲಾ ಮಂಜ, ಮುಂದೆ ಎರಡು ಎತ್ತು ಕಟ್ಕೊಳ್ಳಲಾ!" "ಅವನ ಮಾವ ದೊಡ್ಡ ಪಂಪ್ ಮೇಸ್ತ್ರಿ ಕಣೋ, ಅದಕ್ಕೇ ಗಾಡಿ ಮಾವನ ವಯಸ್ಸಿಗೆ ಓಡ್ತೈತೆ." ಎಲ್ಲರೂ ನಕ್ಕರು. ಮಂಜುನಾಥ, "ನಮ್ ಮಾವನ ಸುದ್ದಿಗೆ ಬರ್ಬೇಡಿ, ಪಂಪು ಸರಿಯಾಗೈತೆ" ಅಂದ. ನಾನು ಒಂದು ಕಂಬದ ಮರೆಗೆ ಸರಿದು ನಿಂತೆ.

ಆಯುಧಪೂಜೆ ಬಂತು. ಲಾರಿಯನ್ನು ತೊಳೆದು, ಬಾಳೆಕಂದು ಕಟ್ಟಿ, ಚೆಂಡುಹೂವು ಹಾಕಿ ಅವನು ನಮ್ಮ ರೂಮಿನ ಮುಂದೆ ತಂದು ನಿಲ್ಲಿಸಿದ. ಬಾನೆಟ್ಟು ಎತ್ತಿ, "ಮಾವ, ನಿಮ್ಮ ಕೈಯಾರೆ ಪಂಪಿಗೆ ವಿಭೂತಿ ಹಚ್ಚಿ. ಈ ವರ್ಷ ಏನೋ ದೃಷ್ಟಿ ಆದಂಗೈತೆ" ಅಂದ. ಹಚ್ಚಿದೆ. ಮೂರು ಗೆರೆ ಎಳೆದೆ. ಅದರ ಪಕ್ಕದಲ್ಲೇ ಸೀಸದ ಮೇಲೆ ನನ್ನ ಇನ್ನೊಂದು ಮೂರು ಗೆರೆ ಇತ್ತು. ಶಿವನೇ, ಯಾವ ಮುಖ ಇಟ್ಟುಕೊಂಡು ಮಂಗಳಾರತಿ ತಗೊಂಡೆನೋ!

ಅವತ್ತು ಸಂಜೆ ಶೋಭಾ ಊಟದ ಮೇಲೆ ಅಡಿಕೆ ಚೂರು ಬೇಕು ಅಂತ ನನ್ನ ಡಬ್ಬಿಗೆ ಕೈ ಹಾಕಿದಳು. ತಡೆಯುವಷ್ಟರಲ್ಲಿ ವಾಷರು ಅವಳ ಅಂಗೈಯಲ್ಲಿತ್ತು. ಸ್ಕೂಲಿಗೆ ಹೋಗುವ ಕಾಲದಲ್ಲಿ ಪಂಪ್ ರೂಮಿನ ಮೆಟ್ಟಿಲ ಮೇಲೆ ಕೂತು ಹೋಂವರ್ಕ್ ಮಾಡಿದ ಹುಡುಗಿ ಅವಳು.

"ಅಪ್ಪ, ಇದು ವಾಲ್ವಿನ ವಾಷರ್ ಅಲ್ವಾ? ಯಾರ ಗಾಡೀದು?"

ನಾನು ಬಾಯಿ ತುಂಬ ರಸ ಇಟ್ಟುಕೊಂಡು ಗೋಡೆ ನೋಡಿದೆ. ಅವಳು ಹೊಟ್ಟೆ ಮೇಲೆ ಕೈ ಇಟ್ಟುಕೊಂಡು ಕುರ್ಚಿಯಲ್ಲಿ ಕೂತಳು.

"ನಂಗೋಸ್ಕರ ಮಾಡ್ದ್ಯಾ?"

"ಹೂಂ ಕಣವ್ವ."

"ಅವ್ರು ಇಲ್ಲಿಗೆ ಬಂದಾಗ ರಾತ್ರಿ ಹೊತ್ತು ಸುಮ್ನೆ ಬಲಗಾಲು ಒತ್ಕೊಂತ ಕೂತ್ಕೊಂತಾರೆ ಕಣಪ್ಪ. ಯಾಕೆ ಅಂದ್ರೆ ಹೇಳಲ್ಲ."

"ನಾಳೆನೇ ಹಾಕ್ಬುಡ್ತೀನಿ ಬುಡು. ಯಾರಿಗೂ ಗೊತ್ತಾಗಲ್ಲ."

"ಕದ್ದು ತೆಗ್ದು, ಕದ್ದು ಹಾಕ್ಬುಟ್ರೆ ಗಾಡಿ ಸರಿಯಾಗುತ್ತೆ. ಅವ್ರಿಗೆ ಬಂದಿರೋ ಅನುಮಾನ ಸರಿಯಾಗುತ್ತಾ? ನೀನೇ ಹೇಳ್ಬೇಕು. ನಾನು ಹೇಳಲ್ಲ. ಹೆರಿಗೆ ಮುಂಚೆ ಹೇಳು."

ವಾಷರು ಅವಳೇ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು. ಟಕ್ ಅಂದ ಆ ಸದ್ದು ಇವತ್ತಿಗೂ ಕಿವಿಯಲ್ಲಿದೆ.

ಎರಡು ಸಲ ಹೇಳಲು ಹೋದೆ. ಒಂದು ಸಲ ಅವನೇ ನನಗೆ ಬಿಸಿ ಬಿಸಿ ಇಡ್ಲಿ ತಂದುಕೊಟ್ಟ, ಬಾಯಿ ಬರಲಿಲ್ಲ. ಇನ್ನೊಂದು ಸಲ ಬಾಯಿ ಬಂತು, ಗಿರಾಕಿ ಬಂದ.

ಆಮೇಲೆ ಅಳಿಯನ ಫೋನು ಬಂತು. ಹುಲಿಯೂರುದುರ್ಗದ ಹತ್ತಿರದಿಂದ. ಮೊದಲು ನಕ್ಕ, ಆಮೇಲೆ ಆದದ್ದನ್ನು ಹೇಳಿದ. ಫುಲ್ ಲೋಡು, ಮಳೆ, ಏರು. ಅರ್ಧ ಏರಿನಲ್ಲಿ ಇಂಜಿನ್ನು ಸೋತು ನಿಂತಿತಂತೆ. ಬ್ರೇಕು ಹಿಡಿಯುವಷ್ಟರಲ್ಲಿ ಗಾಡಿ ಹತ್ತಡಿ ಹಿಂದಕ್ಕೆ ಜಾರಿತಂತೆ. ಹಿಂದೆ ಒಂದು ಆಟೋ. ಆಟೋದವನು ಚುರುಕಾಗಿದ್ದ, ಪಕ್ಕಕ್ಕೆ ಎಳೆದುಕೊಂಡ. ರಾಗಿ ಹೊಲದಲ್ಲಿದ್ದ ಒಬ್ಬ ಹೆಂಗಸು ಓಡಿ ಬಂದು ಗಾಲಿಗೆ ಕಲ್ಲು ಕೊಟ್ಟಳಂತೆ.

"ಯಾರ್ಗೂ ಏನೂ ಆಗ್ಲಿಲ್ಲ ಮಾವ. ಶೋಭಂಗೆ ಹೇಳ್ಬೇಡಿ. ಲೋಡು ಇಲ್ಲೇ ಇಳಿಸ್ದೆ. ಬೆಳಿಗ್ಗೆ ಕುಣಿಗಲ್ಲಿನ ಅನ್ವರ್ ಭಾಯಿ ಹತ್ರ ಒಂದ್ಸಲ ತೋರಿಸ್ತೀನಿ. ಬೇಜಾರು ಮಾಡ್ಕೋಬೇಡಿ. ಅವ್ರ ಕೈಲೂ ಆಗ್ಲಿಲ್ಲ ಅಂದ್ರೆ ಗಾಡಿ ಮಾರ್ಬುಡ್ತೀನಿ. ನಂಗೆ ಡ್ರೈವಿಂಗು ಸಾಕಾಗೈತೆ."

ಅವನನ್ನು ಉಳಿಸಬೇಕು ಅಂತ ತೆಗೆದ ವಾಷರು ಅವನನ್ನು ಹಿಂದಕ್ಕೆ ತಳ್ಳಿತ್ತು. ಮೂವತ್ತು ವರ್ಷದ ಮೇಸ್ತ್ರಿ ನಾನು, ಸಪಾಟು ರೋಡಿನಲ್ಲಿ ಹಾರುವ ಗಾಡಿಯನ್ನು ಯೋಚಿಸಿದೆ, ಏರಿನಲ್ಲಿ ನಿಲ್ಲುವ ಗಾಡಿಯನ್ನು ಯೋಚಿಸಲಿಲ್ಲ. ಹೇಳಬೇಕು ಅಂತ ಬಾಯಿ ತೆಗೆದೆ. ಫೋನಿನಲ್ಲಿ ಹೇಳುವ ಮಾತಾ ಅದು? "ಆಯ್ತಪ್ಪ" ಅಂದೆ.

ಬೆಳಿಗ್ಗೆ ಹತ್ತು ಗಂಟೆಗೆ ಅನ್ವರ್ ಭಾಯಿ ಫೋನು. ಅವರೂ ಪಂಪ್ ಮೇಸ್ತ್ರಿ, ಮರ್ಯಾದಸ್ಥ ಮನುಷ್ಯ.

"ಶಿವಣ್ಣೋರೇ, ನಿಮ್ಮ ಅಳಿಯಂದ್ರು ಗಾಡಿ ತಂದವ್ರೆ. ವಾಲ್ವಿಗೆ ನಿಮ್ದೇ ಮೂರು ಗೆರೆ ಸೀಲು ಐತೆ. ಕತ್ತರಿಸ್ಲಾ?"

ಹೂಂ ಅಂದರೆ ವಾಲ್ವು ಬಿಚ್ಚಿದ ಗಳಿಗೆಯಲ್ಲೇ ಅವರಿಗೆ ತಿಳಿಯುತ್ತದೆ. ಬೇಡ ಅಂದರೆ ಗಾಡಿ ಮಾರಾಟ. ರೂಮಿನ ನಾಲ್ಕು ಗೋಡೆಯೂ ಹತ್ತಿರ ಬಂದ ಹಾಗಾಯಿತು.

"ತಡೀರಿ ಭಾಯಿ. ನಾನೇ ಬಂದು ಕತ್ತರಿಸ್ತೀನಿ."

"ಈ ಮಳೇಲಿ ಯಾಕ್ ಬರ್ತೀರಿ? ಹತ್ತು ನಿಮ್ಷದ ಕೆಲ್ಸ."

"ಹತ್ತು ನಿಮ್ಷದ್ದಲ್ಲ ಭಾಯಿ. ಎರಡೂವರೆ ತಿಂಗಳದ್ದು" ಅಂತ ಹೇಳಿ ಡಬ್ಬಿ ಜೇಬಿಗೆ ಹಾಕಿಕೊಂಡು ಬಸ್ಸು ಹತ್ತಿದೆ.

ಬಸ್ಸಿನ ಕಿಟಕಿಯೆಲ್ಲ ಮುಚ್ಚಿತ್ತು. ಒದ್ದೆ ಬಟ್ಟೆಯ ವಾಸನೆ, ಕಾಲಿಡಲು ಜಾಗವಿಲ್ಲ. ಹೆಬ್ಬೂರು ದಾಟುತ್ತಿದ್ದ ಹಾಗೆ ನನ್ನ ಹೆಂಡತಿ ರುದ್ರಮ್ಮನ ಫೋನು. "ಎಲ್ಲಿ ಹಾಳಾಗಿ ಹೋದ್ರಿ? ಮಗಳಿಗೆ ನೋವು ಶುರುವಾಗೈತೆ, ಆಟೋದಲ್ಲಿ ಆಸ್ಪತ್ರೆಗೆ ಹೊರಟಿದೀವಿ. ಅಳಿಯಂದ್ರು ಫೋನು ಎತ್ತುತಿಲ್ಲ. ಅಲ್ಲೇ ಇಳ್ಕೊಂಡು ವಾಪಸ್ ಬನ್ನಿ!"

ನಾನು "ಹೋಲ್ಡಾನ್, ಹೋಲ್ಡಾನ್" ಅಂತ ಕೂಗುವಷ್ಟರಲ್ಲಿ ಶೋಭಾ ಫೋನು ಕಿತ್ತುಕೊಂಡಳು.

"ಅಪ್ಪ, ಎಲ್ಲಿಗೆ ಹೊರಟಿದೀಯ?"

"ಕುಣಿಗಲ್ಲಿಗೆ."

ಒಂದು ನೋವು ಬಂದು ಹೋಯಿತು. ಆಮೇಲೆ ಕೇಳಿದಳು. "ಹೇಳಕ್ಕಾ?"

"ಹೂಂ."

"ಹಂಗಾದ್ರೆ ವಾಪಸ್ ಬರ್ಬೇಡ. ಹೋಗು."

ಕಂಡಕ್ಟರು "ಇಳೀತೀರೋ ಇಲ್ವೋ ಯಜಮಾನ್ರೇ?" ಅಂದ. "ಇಲ್ಲಪ್ಪ, ರೈಟ್ ಹೇಳು" ಅಂದೆ.

ಅನ್ವರ್ ಭಾಯಿಯ ಶೀಟಿನ ಶೆಡ್ಡಿನ ಕೆಳಗೆ ಲಾರಿ ನಿಂತಿತ್ತು. ಮಂಜುನಾಥ ಹಳೇ ಟೈರಿನ ಮೇಲೆ ಕೂತಿದ್ದ, ಅವನ ಫೋನು ಕ್ಯಾಬಿನ್ನಿನಲ್ಲಿತ್ತು. ಮೊದಲು ಶೋಭಾಳ ವಿಷಯ ಹೇಳಿದೆ. ಅವನು ಎದ್ದು ಕೀ ಹುಡುಕಲು ಶುರು ಮಾಡಿದ. "ನಡೀರಿ ಮಾವ, ಈ ದರಿದ್ರ ಗಾಡೀಲೇ ಹೋಗೋಣ."

ತಪ್ಪಿಸಿಕೊಳ್ಳಲು ಅದಕ್ಕಿಂತ ಒಳ್ಳೆಯ ದಾರಿ ಬೇಕಾ? ಆ ಗಡಿಬಿಡಿಯಲ್ಲಿ ಹೊರಟುಬಿಟ್ಟಿದ್ದರೆ ಯಾರೂ ನನ್ನನ್ನು ಏನೂ ಕೇಳುತ್ತಿರಲಿಲ್ಲ. ಆದರೆ ಆ ನೋವಿನಲ್ಲೂ ಮಗಳು ಹೋಗು ಅಂದಿದ್ದಳು. "ನಿಂತ್ಕೊ" ಅಂದು ಡಬ್ಬಿ ತೆಗೆದು ವಾಷರನ್ನು ಅವನ ಅಂಗೈಗೆ ಹಾಕಿದೆ.

"ಏನಿದು ಮಾವ?"

"ನಿನ್ನ ಗಾಡೀದು. ಶ್ರಾವಣದಲ್ಲಿ ನಾನೇ ತೆಗ್ದೆ. ಗುಬ್ಬಿ ರೋಡಲ್ಲಿ ನೀನು ಬಸ್ಸನ್ನ ಹಿಂದಕ್ಕೆ ಹಾಕಿದ್ದು ನೋಡ್ದೆ. ಜೋರಾಗಿ ಓಡ್ಬಾರ್ದು ಅಂತ ತೆಗ್ದೆ. ನಿನ್ ಕಾಲು ಸರಿಯಾಗೇ ಐತೆ ಕಣಪ್ಪ. ತಪ್ಪಾಯ್ತು."

ಅನ್ವರ್ ಭಾಯಿ ಆ ಕಡೆ ತಿರುಗಿಕೊಂಡು, ಶುದ್ಧವಾಗಿದ್ದ ಸ್ಪ್ಯಾನರನ್ನೇ ಒರೆಸುತ್ತಾ ನಿಂತರು. ಶೀಟಿನ ಮೇಲೆ ಮಳೆ ಬಡಿಯುತ್ತಿತ್ತು.

"ನಾನು ಕಾಲು ತೋರಿಸ್ಕೊಂಡು ಬರೋಕೆ ಡಾಕ್ಟ್ರ ಹತ್ರ ಹೋಗಿದ್ದೆ ಮಾವ" ಅಂದ ಮಂಜುನಾಥ. ಅಷ್ಟೇ ಅಂದಿದ್ದು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಆಮೇಲೆ ಬಾನೆಟ್ಟು ಎತ್ತಿ, "ಕತ್ತರಿಸಿ" ಅಂದ. ನನ್ನ ಸೀಲನ್ನು ನಾನೇ ಕತ್ತರಿಸಿದೆ. ಹಳೇ ವಾಷರು ಹಾಕಲು ಹೋದರೆ ಅವನು ಕೈ ಅಡ್ಡ ಹಿಡಿದ. ಅನ್ವರ್ ಭಾಯಿಯ ಡಬ್ಬದಿಂದ ಬೇರೆ ಒಂದು ತೆಗೆಸಿ ಹಾಕಿಸಿದ. "ಇದು ನಿಮ್ಮ ಹತ್ರಾನೇ ಇರ್ಲಿ" ಅಂತ ಹಳೆಯದನ್ನು ನನಗೆ ಕೊಟ್ಟ. ನಾನು ರೂಢಿಯಲ್ಲಿ ತಂತಿ ಹುಡುಕಿದೆ. "ಈ ಸಲ ಸೀಲು ಬೇಡ" ಅಂದ. ಹತ್ತು ನಿಮಿಷವೂ ಆಗಿರಲಿಲ್ಲ.

ಇಂಜಿನ್ನು ಶುರುವಾದಾಗ ಅದರ ಸದ್ದಿನಲ್ಲೇ ನನಗೆ ಗೊತ್ತಾಯಿತು, ಗಾಡಿಗೆ ಜೀವ ಬಂದಿದೆ ಅಂತ. ಅವನಿಗೂ ಗೊತ್ತಾಯಿತು. ಕುಣಿಗಲ್ಲು ಬಿಟ್ಟೆವು. ನಾನು ಡ್ಯಾಶ್‌ಬೋರ್ಡು ಗಟ್ಟಿಯಾಗಿ ಹಿಡಿದುಕೊಂಡೆ, ಈಗ ಹಾರಿಸುತ್ತಾನೆ ಅಂತ. ಹಾರಿಸಲಿಲ್ಲ. ಸ್ಪೀಡಿನ ಮುಳ್ಳು ನಲವತ್ತಕ್ಕೆ ಬಂದು ಅಲ್ಲೇ ನಿಂತಿತು. ವೈಪರು ಆ ಕಡೆ ಈ ಕಡೆ. ಬಸ್ಸು ನಮ್ಮನ್ನು ದಾಟಿತು. ಕಾರುಗಳು ದಾಟಿದವು. ನನ್ನ ಮೇಲಿನ ಸಿಟ್ಟಿಗೆ ಹೀಗೆ ಹೋಗುತ್ತಿದ್ದಾನೋ, ಭಯಕ್ಕೋ ತಿಳಿಯಲಿಲ್ಲ. ಮುಚ್ಚಿದ ಗಾಜಿನ ಆ ಕ್ಯಾಬಿನ್ನು ನನ್ನ ಪಂಪ್ ರೂಮಿಗಿಂತ ಇಕ್ಕಟ್ಟಾಗಿತ್ತು.

ಹೆಬ್ಬೂರು ಹತ್ತಿರ ಬಂದಾಗ ಫೋನು. ರುದ್ರಮ್ಮ ಅಳುತ್ತಿದ್ದಳೋ ನಗುತ್ತಿದ್ದಳೋ. "ಹೆಣ್ಣು ಮಗು ಕಣ್ರೀ! ಇಬ್ರೂ ಚೆನ್ನಾಗವ್ರೆ! ನಿಮ್ದೇ ಮೂಗು, ಏನ್ ಮಾಡೋದು!"

ಅಯ್ಯೋ ಆ ಗಳಿಗೆ! ನನ್ನೊಳಗೆ ಎರಡೂವರೆ ತಿಂಗಳಿಂದ ಕಟ್ಟಿಕೊಂಡಿದ್ದದ್ದೆಲ್ಲ ಒಂದೇ ಸಲ ಒಡೆದು ಹರಿಯಿತು. ಅಳಿಯನ ಭುಜ ಹಿಡಿದು ಅಲ್ಲಾಡಿಸಿದೆ. ಅವನು ಎರಡು ಸಲ ಹಾರ್ನು ಹೊಡೆದ, ಕಣ್ಣು ಒರೆಸಿಕೊಂಡ. ಮುಳ್ಳು ಮಾತ್ರ ನಲವತ್ತರಿಂದ ಅಲ್ಲಾಡಲಿಲ್ಲ. ಒಂದು ಮೈಲಿ ಸಹಿಸಿಕೊಂಡೆ. ಎರಡು ಮೈಲಿ ಸಹಿಸಿಕೊಂಡೆ. ಆಮೇಲೆ ಆಗಲಿಲ್ಲ.

"ಸ್ವಲ್ಪ ಜೋರಾಗಿ ಹೋಗಪ್ಪಾ!"

ಅವನು ಕುಣಿಗಲ್ಲು ಬಿಟ್ಟ ಮೇಲೆ ಮೊದಲನೇ ಸಲ ನನ್ನ ಕಡೆ ತಿರುಗಿದ.

"ಏನಂದ್ರಿ ಮಾವ?"

"ಜೋರಾಗಿ ಅಂದೆ. ಮಗು ಕಾಯ್ತೈತೆ."

"ಮಳೆ ಮಾವ. ರೋಡು ಜಾರ್ತೈತೆ" ಅಂದ. ಮೀಸೆಯ ಅಂಚಿನಲ್ಲಿ ಒಂದು ನಗು ಬಂದು ಕೂತಿತ್ತು. "ನಲವತ್ತು ಸಾಕು."

ಒಂದು ಟಿವಿಎಸ್ ಮೊಪೆಡ್ಡು, ಹಿಂದೆ ಹುಲ್ಲು ಹೊರೆ ಕಟ್ಟಿಕೊಂಡು, ನಮ್ಮನ್ನು ದಾಟಿಕೊಂಡು ಹೋಯಿತು. ಸಿಂಚನಾ, ನನ್ನ ಬಂಗಾರಾ, ನಿನ್ನ ಮುಖ ಮೊದಲ ಸಲ ನೋಡಲು ಬರುತ್ತಾ ನಿಮ್ಮ ತಾತ ಆ ಕ್ಯಾಬಿನ್ನಿನಲ್ಲಿ ಸಿಕ್ಕಿಕೊಂಡು, ಜೇಬಿನಲ್ಲಿದ್ದ ಡಬ್ಬಿಯನ್ನು ಹಿಡಿದುಕೊಂಡು, ತುಮಕೂರು ಬರುವ ತನಕ ತನ್ನ ಕಾಲ ಕೆಳಗೆ ಇಲ್ಲದ ಆಕ್ಸಿಲರೇಟರನ್ನು ತುಳಿಯುತ್ತಲೇ ಬಂದ.